ಗಣಿಯ ನೀರು ಬೇರೆ, ಕಾಲುವೆಯ ನೀರು ಬೇರೆ: ಜಲ್ಲಿ ಗಣಿಗಳಿಗೆ ಪರವಾನಗಿ ನೀಡುವವರಿಗೆ ಒಂದು ಬಹಿರಂಗ ಪತ್ರ

ಗೆ,
ಜಲ್ಲಿ ಗಣಿಗಳಿಗೆ ಪರವಾನಗಿ ನೀಡುವ ಅಧಿಕಾರಿಗಳು ಹಾಗೂ ನೀರಾವರಿ ಕಾಲುವೆಗಳ ಹೊಣೆ ಹೊತ್ತ ಎಂಜಿನಿಯರುಗಳು

ವಿಷಯ: ಜಲ್ಲಿ ಗಣಿಗಳಲ್ಲಿ ಮೇಲ್ಮೈ ನೀರಿನ ನಿರ್ವಹಣೆ ಮತ್ತು ಗಣಿ ಪ್ರದೇಶದಲ್ಲಿ ಹಾದುಹೋಗುವ ನೀರಾವರಿ ಕಾಲುವೆಗಳ ರಕ್ಷಣೆ

ಮಾನ್ಯರೆ,

ನದಿಬಯಲಿನ ಜಲ್ಲಿ ಗಣಿಗಳಲ್ಲಿ ನೀರಿನ ಉಸ್ತುವಾರಿ ನೋಡಿಕೊಂಡು ವರ್ಷಗಳನ್ನು ಕಳೆದವನು ನಾನು. ಯಾವ ಪಂಪು ಯಾವಾಗ ಓಡಬೇಕು, ಹೊಂಡದ ಹೂಳನ್ನು ಎಂದು ಎತ್ತಬೇಕು, ಮಳೆ ಹಿಡಿದ ರಾತ್ರಿ ಯಾವ ಒಡ್ಡಿನ ಬಳಿ ಟಾರ್ಚ್ ಹಿಡಿದು ಕಾಯಬೇಕು ಎಂಬುದೇ ನನ್ನ ದಿನದ ಕೆಲಸವಾಗಿತ್ತು. ಅದನ್ನು ಬಿಟ್ಟ ಮೇಲೆ, ಅಂಥದ್ದೇ ಗಣಿಯೊಂದರ ಅಂಚಿನಲ್ಲಿ ಹರಿಯುವ ಕಾಲುವೆಯ ಬಳಕೆದಾರರ ಪರವಾಗಿ ಆ ಕಾಲುವೆಯ ಏರಿಯ ಮೇಲೆ ಓಡಾಡಿದ್ದೇನೆ. ನೀರನ್ನು ಗುಂಡಿಯ ತಳದಿಂದಲೂ ನೋಡಿದ್ದೇನೆ, ಏರಿಯ ಮೇಲಿನಿಂದಲೂ ನೋಡಿದ್ದೇನೆ ಎಂಬ ಧೈರ್ಯದಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಜಲ್ಲಿ ಗಣಿಯ ಜಾಗದಲ್ಲಿ ಮೂರು ಬಗೆಯ ನೀರು ಇರುತ್ತದೆ: ಮೇಲಿನ ಇಳಿಜಾರಿನಿಂದ ಹರಿದುಬರುವ ಮಳೆನೀರು, ಗುಂಡಿಯೊಳಗೂ ಜಲ್ಲಿ ತೊಳೆಯುವ ಘಟಕದಲ್ಲೂ ಕೆಸರಾದ ನೀರು, ಮತ್ತು ಆ ಜಾಗದಲ್ಲಿ ಹಾದುಹೋಗುವುದನ್ನು ಬಿಟ್ಟರೆ ಗಣಿಗೆ ಯಾವ ಸಂಬಂಧವೂ ಇಲ್ಲದ, ರೈತರ ಪಾಲಿನ ಕಾಲುವೆಯ ನೀರು. ಈ ಮೂರೂ ಒಂದಕ್ಕೊಂದು ಸೇರದಂತೆ ಬೇರ್ಪಡಿಸುವ ಕಾಮಗಾರಿ ನೆಲದ ಮೇಲೆ ಮುಗಿದಿದೆ ಎಂದು ತಾವು ಕಣ್ಣಾರೆ ನೋಡಿದ ನಂತರವೇ ಅಗೆತಕ್ಕೆ ಅನುಮತಿ ಕೊಡಿ. ನಕ್ಷೆಯಲ್ಲಿ ನೀಲಿ ಗೆರೆ ಎಳೆದಿದ್ದಾರೆ ಎಂಬುದು ಸಾಲದು. ಗೆರೆ ಎಳೆದ ಕಡೆ ಕಾಲುವೆಯನ್ನು ತೋಡಿ, ನೀರು ಬಿಟ್ಟು ನೋಡಿರಬೇಕು.

ಜಲ್ಲಿಯೂ ಕಾಲುವೆಯೂ ಒಂದೇ ಕಡೆ ಸಿಗುವುದು ಆಕಸ್ಮಿಕವಲ್ಲ. ನದಿ ಸಾವಿರಾರು ವರ್ಷ ಹೊತ್ತು ತಂದು ಬಿಟ್ಟುಹೋದ ಕಲ್ಲು, ಮರಳುಗಳ ದಪ್ಪ ಪದರದ ಮೇಲೆಯೇ ಸಮತಟ್ಟಾದ ಒಳ್ಳೆಯ ಹೊಲಗಳು ಹರಡಿಕೊಂಡಿರುತ್ತವೆ. ಹೊಲವಿದ್ದಲ್ಲಿ ಕಾಲುವೆ ಇರುತ್ತದೆ. ಮರಳು, ಜಲ್ಲಿ, ಪುಡಿಗಲ್ಲು ಎಲ್ಲ ಸೇರಿ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರ ತನ್ನ ವರದಿಯಲ್ಲಿ ಹೇಳಿದೆ. ರಸ್ತೆಗೂ ಮನೆಗೂ ಸೇತುವೆಗೂ ಜಲ್ಲಿ ಬೇಕೇ ಬೇಕು. ಗಣಿಗಳನ್ನೇ ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ; ಹಾಗೆ ಕೇಳುವವನು ಆ ಕೆಲಸದಲ್ಲಿ ಅಷ್ಟು ವರ್ಷ ಇರುತ್ತಿರಲಿಲ್ಲ.

ನಾನು ಕಂಡ ಒಂದು ಘಟನೆಯನ್ನು ಇಲ್ಲಿ ವಿವರವಾಗಿ ಹೇಳಬೇಕಾಗಿದೆ. ಗುಂಡಿಯ ಅಂಚಿಗೂ ಕಾಲುವೆಗೂ ನಡುವೆ ಹದಿನೈದು ಹೆಜ್ಜೆಯಷ್ಟೂ ಅಂತರ ಉಳಿದಿರಲಿಲ್ಲ. ಒಂದು ಬೆಳಗ್ಗೆ ಅಗೆದ ಗೋಡೆಯ ಅರ್ಧ ಎತ್ತರದಲ್ಲಿ, ಅಂಗೈಯಗಲದ ಒದ್ದೆ ಕಲೆ ಕಾಣಿಸಿತು. ಹತ್ತಿರ ಹೋಗಿ ನೋಡಿದರೆ ಎರಡು ಉರುಟುಗಲ್ಲುಗಳ ಸಂದಿನಿಂದ ಪೆನ್ಸಿಲ್ ದಪ್ಪದ ನೀರು ಜಿನುಗುತ್ತಿತ್ತು. ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದೆ, ತಿಳಿಯಾಗಿತ್ತು. ಜಲ್ಲಿ ಗಣಿಯಲ್ಲಿ ಒರತೆ ಸಾಮಾನ್ಯವಾದ್ದರಿಂದ ಗುರುತು ಹಾಕಿಕೊಂಡು ಮುಂದೆ ಹೋದೆ. ಸಂಜೆ ಮತ್ತೆ ಬಂದಾಗ ಅದೇ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಕೆಳಗೆ ಬೊಗಸೆಯಷ್ಟು ಸಣ್ಣ ಮರಳು ಗುಪ್ಪೆಯಾಗಿ ಕೂತಿತ್ತು. ತಿಳಿಯಾದ ಒರತೆ ನೀರನ್ನಷ್ಟೇ ತರುತ್ತದೆ. ಬಗ್ಗಡವಾದ ಒರತೆ ಏರಿಯ ಒಳಮಣ್ಣನ್ನೇ ತರುತ್ತದೆ. ಇದು ನನಗೆ ಗೊತ್ತಿತ್ತು. ಆ ಕ್ಷಣವೇ ಕಾಲುವೆಯ ತೂಬು ಮುಚ್ಚಿಸಬೇಕಿತ್ತು. ಆದರೆ ತೂಬಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ಗಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬೆಳಗ್ಗೆ ವಿಚಾರಿಸಿದರಾಯಿತು ಎಂದು ನಾನೂ ಒಪ್ಪಿಕೊಂಡೆ.

ಬೆಳಕು ಹರಿಯುವಷ್ಟರಲ್ಲಿ ಎಂಟು ಮೀಟರ್ ಉದ್ದದ ಏರಿ ಗುಂಡಿಗೆ ಕುಸಿದಿತ್ತು. ಕಾಲುವೆಯ ಇಡೀ ನೀರು ಗುಂಡಿಗೆ ಧುಮುಕುತ್ತಿತ್ತು. ಧುಮುಕುವ ನೀರಿನ ರಭಸಕ್ಕೆ ಕಾಲುವೆಯ ತಳ ನೀರು ಬರುವ ದಿಕ್ಕಿನತ್ತ ಕೊರೆಯುತ್ತ, ಕ್ಷಣಕ್ಕೊಂದು ಹೆಂಟೆಯಂತೆ ಹಿಂದಕ್ಕೆ ಸರಿಯುತ್ತಿತ್ತು. ಅಗೆಯುವ ಯಂತ್ರಕ್ಕೆ ನಷ್ಟವಾಯಿತು, ಪಂಪುಗಳು ಮುಳುಗಿದವು. ಅವನ್ನು ದುಡ್ಡು ಕೊಟ್ಟು ಸರಿಮಾಡಬಹುದು. ಕಾಲುವೆಯ ಕೊನೆಯಂಚಿನ ರೈತರಿಗೆ ಆ ವಾರ ಸರದಿ ಇತ್ತು. ಏರಿ ಕಟ್ಟಿ, ದಮ್ಮಸು ಮಾಡಿ ಮತ್ತೆ ನೀರು ಹರಿಸುವಷ್ಟರಲ್ಲಿ ಹನ್ನೊಂದು ದಿನ ಕಳೆಯಿತು. ತೆನೆ ಕಟ್ಟುವ ಹೊತ್ತಿನಲ್ಲಿ ಹನ್ನೊಂದು ದಿನ ನೀರಿಲ್ಲದ ಹೊಲದ ಬದುವಿನ ಮೇಲೆ ನಿಂತು ಆ ರೈತರ ಮುಖ ನೋಡಿದ್ದನ್ನು ನಾನು ಮರೆತಿಲ್ಲ.

ಏರಿ ಕುಸಿದದ್ದು ಕೆಟ್ಟ ಗಳಿಗೆಯಿಂದಲ್ಲ. 1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯೊಳಗೆ ನೀರು ಹಾಯಿಸಿ ಕಂಡುಕೊಂಡ ನಿಯಮವೇ ಅಲ್ಲಿ ಕೆಲಸ ಮಾಡಿತು: ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ, ನೀರು ಸಾಗಬೇಕಾದ ದಾರಿ ಕಿರಿದಾದಷ್ಟೂ ಸೋರಿಕೆ ಹೆಚ್ಚುತ್ತದೆ. ಗಣಿ ಆಳಕ್ಕೆ ಹೋದಾಗ, ಪಂಪು ಹಾಕಿ ನೀರೆತ್ತಿದಾಗ ಮಟ್ಟದ ವ್ಯತ್ಯಾಸ ಏರುತ್ತದೆ. ಅಗೆತ ಕಾಲುವೆಯ ಕಡೆಗೆ ಸರಿದಾಗ ದಾರಿ ಕುಗ್ಗುತ್ತದೆ. ಎರಡೂ ಒಟ್ಟಿಗೆ ನಡೆಯುತ್ತವೆ. ಜೇಡಿಮಣ್ಣಿನಲ್ಲಾದರೆ ನೀರು ಸರಿಯುವುದು ಎಷ್ಟು ನಿಧಾನವೆಂದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ. ಶುದ್ಧ ಜಲ್ಲಿ ಪದರದಲ್ಲಿ ಅದಕ್ಕಿಂತ ಲಕ್ಷಾಂತರ ಪಟ್ಟು ವೇಗವಾಗಿ ಸರಿಯುತ್ತದೆ. ವರ್ಷಗಟ್ಟಲೆ ಹರಿದ ಕಾಲುವೆಯ ತಳದಲ್ಲಿ ನಯವಾದ ಹೂಳು ಕೂತು ಒಂದು ತೆಳು ಪರೆ ಕಟ್ಟಿರುತ್ತದೆ. ಕಾಲುವೆಯಲ್ಲಿ ನೀರು ನಿಲ್ಲುವುದು ಬಹುಮಟ್ಟಿಗೆ ಆ ಪರೆಯ ದೆಸೆಯಿಂದ. ಕಾಲುವೆ ಚೊಕ್ಕಟ ಮಾಡುತ್ತೇವೆಂದು ಯಂತ್ರದಿಂದ ತಳ ಕೆರೆದುಹಾಕಿದರೆ ಹೊಸ ಸೋರಿಕೆ ಶುರುವಾಗುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡಿ ಕಾಲುವೆ ಕೆಡಿಸಿದ್ದನ್ನು ಎರಡು ಸಲ ಕಂಡಿದ್ದೇನೆ.

ಆದ್ದರಿಂದ ಕಾಲುವೆಗೂ ಅಗೆತಕ್ಕೂ ಎಷ್ಟು ಅಂತರ ಬೇಕು ಎಂಬುದನ್ನು ಎಲ್ಲ ಗಣಿಗೂ ಒಂದೇ ಅಂಕಿಯಲ್ಲಿ ಹೇಳಿ ಮುಗಿಸಬೇಡಿ. ಗುಂಡಿಯ ಅಂತಿಮ ಆಳದಿಂದ ಲೆಕ್ಕ ಹಾಕಿ. ಗಣಿ ಮುಗಿದ ಮೇಲೆ ಅಂಚನ್ನು ಮೂರಕ್ಕೆ ಒಂದರ ಇಳಿಜಾರಿಗೆ ತರಬೇಕೆಂದಿಟ್ಟುಕೊಳ್ಳೋಣ. ಗುಂಡಿ 12 ಮೀಟರ್ ಆಳವಿದ್ದರೆ ಆ ಇಳಿಜಾರಿಗೇ 36 ಮೀಟರ್ ನೆಲ ಬೇಕು. ಕಾಲುವೆಯಿಂದ 15 ಮೀಟರ್ ದೂರದವರೆಗೆ ಗೋಡೆಯಂತೆ ನೇರವಾಗಿ ಅಗೆದುಬಿಟ್ಟರೆ, ಮುಂದೆ ಇಳಿಜಾರು ಮಾಡುವಾಗ ಅದು ಕಾಲುವೆಯನ್ನು ದಾಟಿ ಆಚೆ 21 ಮೀಟರ್ ಹೋಗುತ್ತದೆ. ಇಲ್ಲವೇ ಹೊರಗಿನಿಂದ ಮಣ್ಣು ತಂದು ತುಂಬಬೇಕಾಗುತ್ತದೆ. ಕೊನೆಯ ವರ್ಷಗಳಲ್ಲಿ ಜಲ್ಲಿ ಮುಗಿದು ಆದಾಯವಿಲ್ಲದ ಗಣಿ ಆ ಮಣ್ಣು ತರುತ್ತದೆಂದು ನಂಬಿ ಪರವಾನಗಿ ಕೊಡುವುದು ಸರಿಯಲ್ಲ. ಇಳಿಜಾರಿನ ಅಗಲ, ಅದರ ಮೇಲೆ ಏರಿಯ ಅಗಲ, ಅದರ ಮೇಲೆ ಹೂಳೆತ್ತುವ ಯಂತ್ರ ಓಡಾಡಲು ಬೇಕಾದ ದಾರಿ, ಇವೆಲ್ಲ ಸೇರಿಯೇ ಅಂತರವಾಗಬೇಕು.

ಕಾಲುವೆ ಗಣಿಯ ನಡುವೆಯೇ ಹಾದುಹೋಗುವಲ್ಲಿ ಅದನ್ನು ಸುತ್ತುಬಳಸಿ ಒಯ್ಯುವ ಪ್ರಸ್ತಾವ ಬರುತ್ತದೆ. ಸುತ್ತಿ ಹೋದರೇನು, ನೀರು ತಲುಪಿದರಾಯಿತಲ್ಲ ಎಂದು ಅನೇಕರು ಭಾವಿಸುತ್ತಾರೆ. 400 ಮೀಟರ್ ಉದ್ದಕ್ಕೆ 40 ಸೆಂಟಿಮೀಟರ್ ಇಳಿಯುತ್ತಿದ್ದ ಕಾಲುವೆಯನ್ನು 900 ಮೀಟರಿಗೆ ಬೆಳೆಸಿದರೆ, ಇಳಿತ ಅಷ್ಟೇ ಇರುತ್ತದೆ, ದೂರ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಸಾವಿರಕ್ಕೆ ಒಂದರ ಓಟ 2,250ಕ್ಕೆ ಒಂದಕ್ಕೆ ಇಳಿಯುತ್ತದೆ. ಕಾಲುವೆಯಲ್ಲಿ ಹರಿಯುವ ನೀರಿನ ವೇಗವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದ ಪ್ರಕಾರ ನೀರಿನ ವೇಗ ಇಳಿಜಾರಿನ ವರ್ಗಮೂಲವನ್ನು ಅನುಸರಿಸುವುದರಿಂದ ಅದೇ ಅಗಲ, ಅದೇ ಆಳದ ಹೊಸ ಕಾಲುವೆ ಹಳೆಯದರ ಮೂರರಲ್ಲಿ ಎರಡು ಪಾಲು ನೀರನ್ನಷ್ಟೇ ಹೊರುತ್ತದೆ. ಅಗಲಗೊಳಿಸಿದರೆ ನೀರು ಹಿಡಿಸುತ್ತದೆ, ಆದರೆ ನಿಧಾನವಾದ ನೀರಿನಲ್ಲಿ ಹೂಳು ಕೂರುತ್ತದೆ, ಕಳೆ ಬೆಳೆಯುತ್ತದೆ, ವರ್ಷವರ್ಷವೂ ಚೊಕ್ಕಟ ಮಾಡುವ ಖರ್ಚು ಹೆಚ್ಚುತ್ತದೆ. ಆ ಖರ್ಚು ಯಾರದು ಎಂಬುದನ್ನು ಗಣಿ ಮುಚ್ಚಿದ ಮೇಲಿನ ವರ್ಷಗಳಿಗೂ ಸೇರಿಸಿ ಲಿಖಿತವಾಗಿ ನಿರ್ಧರಿಸದೆ ಕಾಲುವೆಯ ದಾರಿ ಬದಲಿಸಲು ಒಪ್ಪಬೇಡಿ. ಕೆಲವೆಡೆ ಕೊಳವೆಯಲ್ಲಿ ಅಥವಾ ಕಾಂಕ್ರೀಟ್ ಕಾಲುವೆಯಲ್ಲಿ ನೇರವಾಗಿ ಒಯ್ಯುವುದೇ ಮೇಲು. ಗಣಿಗೆ ಆರಂಭದಲ್ಲಿ ದುಬಾರಿಯೆನಿಸಿದರೂ ಸೋರಿಕೆಯ ಪ್ರಶ್ನೆ ಬಹುಪಾಲು ಅಲ್ಲಿಗೇ ತೀರುತ್ತದೆ.

ಹೊಸ ಕಾಲುವೆಯನ್ನು ತೋಡಿದ ದಿನವೇ ಹಳೆಯದನ್ನು ಮುಚ್ಚುವ ಆತುರವನ್ನು ತಾವು ತಡೆಯಬೇಕು. ಏರಿಯ ಮಣ್ಣನ್ನು ಹದವಾದ ತೇವದಲ್ಲಿ, ಒಂದು ಗೇಣು ದಪ್ಪದ ಪದರ ಪದರವಾಗಿ ಹಾಕಿ ದಮ್ಮಸು ಮಾಡಿರಬೇಕು. ನೀರಾವರಿ ಹಂಗಾಮು ಇಲ್ಲದಾಗ ಕೆಲಸ ಮುಗಿಸಿ, ಮೊದಲು ಸ್ವಲ್ಪ ನೀರು, ಮರುದಿನ ಇನ್ನಷ್ಟು, ಹೀಗೆ ಏರಿಸುತ್ತ ಹೋಗಿ, ಪೂರ್ಣ ಮಟ್ಟದಲ್ಲಿ ಕೆಲವು ದಿನ ಹರಿಸಿ ನೋಡಿದ ಮೇಲೆಯೇ ಹಳೆಯ ಕಾಲುವೆಗೆ ಮಣ್ಣು ಬೀಳಬೇಕು.

ಇನ್ನು ಮಳೆನೀರಿನ ವಿಷಯ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಗಣಿಗಿಂತ ಮೇಲಿರುವ 20 ಹೆಕ್ಟೇರ್ ಇಳಿಜಾರಿನಲ್ಲಿ 40 ಮಿಲಿಮೀಟರ್ ಮಳೆಯಾಗಿ, ಅದರಲ್ಲಿ ಅರ್ಧ ಹರಿದುಬಂದರೂ 40 ಲಕ್ಷ ಲೀಟರ್ ಆಯಿತು. ಸೆಕೆಂಡಿಗೆ 50 ಲೀಟರ್ ಎತ್ತುವ ಪಂಪು ಅದನ್ನು ಹೊರಹಾಕಲು 22 ಗಂಟೆ ಬಿಡದೆ ಓಡಬೇಕು, ಅಷ್ಟೂ ನೀರು ಆ ವೇಳೆಗೆ ಕೆಸರಾಗಿರುತ್ತದೆ. ಅದೇ ನೀರನ್ನು ಗುಂಡಿಯ ಮೇಲ್ಬದಿಯಲ್ಲಿ ಒಂದು ಒಡ್ಡು, ಒಂದು ತಿರುವುಗಾಲುವೆ ಮಾಡಿ ಸುತ್ತಿ ಕಳಿಸಿದ್ದರೆ ಬಂದ ಹಾಗೆಯೇ ತಿಳಿಯಾಗಿ ಹಳ್ಳ ಸೇರುತ್ತಿತ್ತು. ಗಣಿಯಲ್ಲಿ ನೀರಿಗಾಗಿ ಮಾಡುವ ಖರ್ಚುಗಳಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಫಲ ಕೊಡುವುದು ಇದೇ. ಆದರೂ ಇದನ್ನು ಮುಂದೂಡುತ್ತಾರೆ, ಏಕೆಂದರೆ ಬಿಸಿಲಿರುವ ದಿನ ಆ ಒಡ್ಡಿನಿಂದ ಏನೂ ಆಗುತ್ತಿರುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಹರಿಯುವ ನೀರಾವರಿ ಕಾಲುವೆಯೇ ಈ ಮಳೆನೀರನ್ನು ತಡೆದುಕೊಳ್ಳಲಿ ಎಂದು ಬಿಟ್ಟಿರುವ ಗಣಿಗಳೂ ಇವೆ. ಕಾಲುವೆಯ ಮೇಲ್ಬದಿಯಲ್ಲೇ ಮೇಲ್ಮಣ್ಣಿನ ರಾಶಿ ಹಾಕಿಕೊಂಡಿದ್ದರೆ ಮೊದಲ ಮಳೆಗೇ ಆ ಮಣ್ಣು ಕಾಲುವೆಯೊಳಕ್ಕೆ ಇಳಿಯುತ್ತದೆ. ರಾಶಿ ಹಾಕುವ ಜಾಗವನ್ನೂ ಪರವಾನಗಿಯ ನಕ್ಷೆಯಲ್ಲಿ ಗುರುತಿಸಬೇಕೆಂದು ಕೇಳಿ.

ಕೆಸರುನೀರಿಗೆ ಹೊಂಡ ಮಾಡಿದ್ದೇವೆ ಎಂಬ ಉತ್ತರವನ್ನು ಕೇಳಿ ಸುಮ್ಮನಾಗಬೇಡಿ. ಆ ಹೊಂಡ ಯಾವ ಕಣವನ್ನು ಕೂರಿಸಲು ಸಾಕಾಗುತ್ತದೆ ಎಂದು ಕೇಳಿ. ವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ನಿಯಮದಂತೆ ಕಣದ ಗಾತ್ರ ಅರ್ಧವಾದರೆ ಅದು ನೀರಿನಲ್ಲಿ ಇಳಿಯುವ ವೇಗ ಕಾಲುಭಾಗಕ್ಕೆ ಕುಸಿಯುತ್ತದೆ. 0.02 ಮಿಲಿಮೀಟರಿನ ಹೂಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮುಕ್ಕಾಲು ಗಂಟೆ ತೆಗೆದುಕೊಂಡರೆ, 0.002 ಮಿಲಿಮೀಟರಿನ ಜೇಡಿ ಕಣಕ್ಕೆ ಮೂರು ದಿನಕ್ಕಿಂತ ಹೆಚ್ಚು ಬೇಕು. ಸೆಕೆಂಡಿಗೆ 50 ಲೀಟರ್ ಬರುವ ನೀರಿನಿಂದ ಮೊದಲಿನದನ್ನು ಕೂರಿಸಲು ಲೆಕ್ಕದ ಪ್ರಕಾರ 140 ಚದರ ಮೀಟರ್ ಹೊಂಡ ಸಾಕು; ಎರಡನೆಯದಕ್ಕೆ 1.4 ಹೆಕ್ಟೇರ್ ಬೇಕು, ಅದೂ ಗಾಳಿಯ ಅಲೆ, ಸುಳಿ ಒಂದೂ ಇಲ್ಲವೆಂದುಕೊಂಡಾಗ. ಇಲ್ಲಿ ಕೆಲಸಕ್ಕೆ ಬರುವುದು ಹೊಂಡದ ವಿಸ್ತಾರವೇ ಹೊರತು ಬರಿಯ ಆಳವಲ್ಲ. ಹೊಂಡಕ್ಕೆ ನೀರು ಬೀಳುವ ಬಾಯಿಯೂ ಹೊರಹೋಗುವ ಬಾಯಿಯೂ ಅಕ್ಕಪಕ್ಕದಲ್ಲಿದ್ದರೆ ಆ ವಿಸ್ತಾರವೂ ವ್ಯರ್ಥ. ಜೇಡಿ ಹೆಚ್ಚಿರುವ ನೆಲದಲ್ಲಿ ತೊಳೆಯುವ ಘಟಕದ ನೀರನ್ನು ಹೊರಬಿಡದೆ ಮತ್ತೆ ಮತ್ತೆ ಅಲ್ಲೇ ಬಳಸುವುದೊಂದೇ ನಂಬಬಹುದಾದ ದಾರಿ ಎಂಬುದು ನನ್ನ ತೀರ್ಮಾನ.

ಆ ಜೇಡಿನೀರು ಕಾಲುವೆ ಸೇರಿದರೆ ಏನಾಗುತ್ತದೆ ಎಂದು ಕಚೇರಿಯಲ್ಲಿ ಕುಳಿತವರು ಕೇಳುತ್ತಾರೆ. ಮಣ್ಣು ಮಣ್ಣಿಗೇ ತಾನೆ ಸೇರುವುದು ಎನ್ನುತ್ತಾರೆ. ಹೊಲದ ಮೇಲೆ ಅದು ತೆಳುವಾಗಿ ಹರಡಿ, ಒಣಗಿ, ಹಪ್ಪಳದಂತೆ ಸೀಳುತ್ತದೆ. ಆ ಪದರದ ಕೆಳಗಿನಿಂದ ಮೊಳಕೆ ಮೇಲೇಳಲು ತಿಣುಕುತ್ತದೆ, ಮುಂದಿನ ನೀರು ಸರಿಯಾಗಿ ಇಂಗುವುದಿಲ್ಲ. ಹನಿ ನೀರಾವರಿ ಇರುವಲ್ಲಿ ಜಾಲರಿ, ಹನಿಕೆಗಳು ಕಟ್ಟಿಕೊಳ್ಳುತ್ತವೆ. ಒಂದು ತೋಟದಲ್ಲಿ ಶೋಧಕವನ್ನು ಬಿಚ್ಚಿ ತೋರಿಸಿದಾಗ ಒಳಗಿದ್ದ ಬೂದುಬಣ್ಣದ ಲೇಪ ಬೆರಳಿಗೆ ಬೆಣ್ಣೆಯಂತೆ ಹತ್ತಿತ್ತು.

ಪಂಪಿನ ನೀರು ತಿಳಿಯಾಗಿಯೇ ಇದ್ದರೂ ಅದನ್ನು ಕಾಲುವೆಗೆ ಬಿಡಲು ತಾನಾಗಿ ಹಕ್ಕು ಬರುವುದಿಲ್ಲ. ಮಳೆ ಬಂದು ಯಾರಿಗೂ ನೀರು ಬೇಡವಾದ ದಿನಗಳಲ್ಲೇ ಗಣಿಗೆ ಹೆಚ್ಚು ನೀರೆತ್ತಬೇಕಾಗುತ್ತದೆ. ಆಗ ತುಂಬಿದ ಕಾಲುವೆಗೆ ಅದೂ ಸೇರಿದರೆ ಕೆಳಗೆಲ್ಲೋ ಏರಿ ಒಡೆಯುತ್ತದೆ. ಕಾಲುವೆಯ ಬಳಕೆದಾರರು ಒಪ್ಪಿ, ಪ್ರಮಾಣ ಗೊತ್ತುಮಾಡಿದ ಹೊರತು ಅದು ಆಗಬಾರದು.

ಇದೆಲ್ಲವನ್ನೂ ಅಳತೆಯಿಲ್ಲದೆ ಕಾಯಲಾಗದು. ಕಾಲುವೆ ಗಣಿ ಪ್ರದೇಶವನ್ನು ಹೊಗುವ ಕಡೆ ಒಂದು, ಬಿಡುವ ಕಡೆ ಒಂದು ಪಾರ್ಶಲ್ ಫ್ಲೂಮ್ (ಹರಿವಿನ ಪ್ರಮಾಣ ಅಳೆಯಲು ಕಾಲುವೆಯಲ್ಲಿ ಕೂರಿಸುವ, ನಡುವೆ ಕಿರಿದಾದ ತೊಟ್ಟಿ) ಕೂರಿಸಿ, ಅಗೆತಕ್ಕೆ ಮೊದಲೇ ಒಂದು ಇಡೀ ಹಂಗಾಮಿನ ಅಳತೆ ತೆಗೆದಿಡಬೇಕು. ಮೊದಲಿನ ಲೆಕ್ಕ ಇಲ್ಲದಿದ್ದರೆ ಮುಂದೆ ನೀರು ಕಡಿಮೆಯಾಯಿತೆಂದು ರೈತ ಹೇಳಿದಾಗ, ಮೊದಲೂ ಹೀಗೇ ಇತ್ತು ಎನ್ನುವವರ ಮಾತೇ ನಿಲ್ಲುತ್ತದೆ. ಗುಂಡಿಯ ಒರತೆಗೆ 90 ಡಿಗ್ರಿಯ ಒಂದು ವಿ-ನಾಚ್ ಹಲಗೆ, ಅಂದರೆ ನೀರು ಹಾಯಲು V ಆಕಾರದಲ್ಲಿ ಕಚ್ಚು ಕೊರೆದ ಹಲಗೆ ಸಾಕು. ಕಚ್ಚಿನ ತಳದಿಂದ ನೀರು 10 ಸೆಂಟಿಮೀಟರ್ ಎತ್ತರ ಇದ್ದಾಗ ಸೆಕೆಂಡಿಗೆ ಸುಮಾರು 4.4 ಲೀಟರ್, 20 ಸೆಂಟಿಮೀಟರ್ ಆದಾಗ ಸುಮಾರು 25 ಲೀಟರ್. ಎತ್ತರ ಇಮ್ಮಡಿಯಾದರೆ ನೀರು ಐದು ಪಟ್ಟಿಗೂ ಮೀರಿ ಹೆಚ್ಚುತ್ತದೆಂಬುದು ತಿಳಿದಿದ್ದರೆ, ಹಲಗೆಯ ಮೇಲೆ ಎರಡು ಬೆರಳು ಏರಿದ ಗುರುತನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಸುತ್ತಲಿನ ಅಂತರ್ಜಲದ ಮಟ್ಟಕ್ಕೆ ವೀಕ್ಷಣಾ ಕೊಳವೆಗಳು ಬೇಕು, ಅವು ಗುಂಡಿಯ ಎರಡೂ ಬದಿಗೆ ಇರಬೇಕು. ಗುಂಡಿಯ ಸುತ್ತ ಬೆಂಟೊನೈಟ್ ಜೇಡಿಯ ತಡೆಗೋಡೆ ಇಳಿಸಿದರೆ ಒಳಗೆ ನೀರು ಬರುವುದು ನಿಲ್ಲುತ್ತದೆ, ನಿಜ. ಆದರೆ ನೆಲದೊಳಗಿನ ಹರಿವಿಗೆ ಅದು ಅಡ್ಡಕಟ್ಟೆಯಾಗಿ ಮೇಲ್ಬದಿಯ ಹೊಲಗಳಲ್ಲಿ ಜೌಗು ಏಳಬಹುದು, ಕೆಳಬದಿಯ ಬಾವಿಗಳು ಇಳಿಯಬಹುದು. ಅಂಥಲ್ಲಿ ಮೇಲ್ಬದಿಗೆ ಬಸಿಗಾಲುವೆ ಹಾಕುವ ಷರತ್ತೂ ಪರವಾನಗಿಯಲ್ಲೇ ಸೇರಬೇಕು.

ಗಣಿ ಮುಗಿದ ಮೇಲೆ ಉಳಿಯುವ ಕೆರೆಯ ಬಗ್ಗೆ ಬಹಳ ಚಂದದ ಚಿತ್ರಗಳನ್ನು ಅರ್ಜಿಯೊಂದಿಗೆ ಲಗತ್ತಿಸಿರುತ್ತಾರೆ. ವರ್ಷಕ್ಕೆ ಒಂದು ಮೀಟರ್ ನೀರು ಆವಿಯಾಗುವ ಹವೆಯಲ್ಲಿ 10 ಹೆಕ್ಟೇರಿನ ಅಂಥ ಕೆರೆ ವರ್ಷಕ್ಕೆ 10 ಕೋಟಿ ಲೀಟರನ್ನು ಆಕಾಶಕ್ಕೆ ಕಳಿಸುತ್ತದೆ, ಮತ್ತು ಆ ನೀರು ಮೊದಲು ನೆಲದೊಳಗೆ ಮುಚ್ಚಿಕೊಂಡು ಇನ್ನೊಬ್ಬರ ಬಾವಿಗೋ ಹೊಳೆಗೋ ಸೇರುತ್ತಿದ್ದ ನೀರು. ಅಮೆರಿಕದ ಕೊಲರಾಡೊ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಅಂತರ್ಜಲ ಹೊರಬೀಳುವಂತೆ ಅಗೆದ ಜಲ್ಲಿ ಗುಂಡಿಯೂ ಬಾವಿಯೇ ಎಂದು 1988ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಅಲ್ಲಿನ ಶಾಸನಸಭೆ, 1980ರ ಡಿಸೆಂಬರ್ 31ರ ನಂತರ ತೆರೆದುಕೊಂಡ ಅಂಥ ನೀರಿನಿಂದ ಆವಿಯಾಗುವಷ್ಟನ್ನು ಹೊಳೆಗೆ ಮರಳಿ ತುಂಬಿಕೊಡುವ ಹೊಣೆಯನ್ನು ಗಣಿಯ ಮೇಲೆ ಹೊರಿಸಿತು. ನೀರಿನ ಹಕ್ಕಿನ ಕಾನೂನು ಎಲ್ಲ ಕಡೆ ಒಂದೇ ಅಲ್ಲ; ಆವಿಯಾಗುವ ನೀರಿನ ಲೆಕ್ಕ ಮಾತ್ರ ಎಲ್ಲ ಕಡೆಯೂ ಇಡಬಹುದಾದದ್ದು.

ತಮ್ಮಿಂದ ನಾನು ನಿರೀಕ್ಷಿಸುವುದು ಹೊಸ ಶಾಸನವನ್ನಲ್ಲ. ಪರವಾನಗಿ ಪತ್ರದಲ್ಲಿ ಕಾಲುವೆಯ ಹೆಸರು, ಅದರ ತೂಬು ಎಲ್ಲಿದೆ, ತೂಬಿನ ಬೀಗದ ಕೈ ಯಾರಲ್ಲಿದೆ, ಒರತೆ ಬಗ್ಗಡವಾದರೆ ಯಾರು ಯಾರಿಗೆ ಎಷ್ಟು ಹೊತ್ತಿನೊಳಗೆ ಫೋನ್ ಮಾಡಬೇಕು, ನೀರು ನಿಲ್ಲಿಸುವ ಅಧಿಕಾರ ಸ್ಥಳದಲ್ಲಿರುವ ಯಾವ ನೌಕರನಿಗಿದೆ, ಇಷ್ಟನ್ನು ಬರೆಯಿಸಿ. ಕಾಲುವೆ ದುರಸ್ತಿಗೆ ಸಾಕಾಗುವ ಠೇವಣಿಯನ್ನು ಗಣಿ ಮುಚ್ಚುವ ಖರ್ಚಿನ ಠೇವಣಿಯಿಂದ ಬೇರೆಯಾಗಿಯೇ ಇರಿಸಿಕೊಳ್ಳಿ. ಆ ಕುಸಿತದ ಸಂಜೆ ಬೀಗದ ಕೈ ಎಲ್ಲಿದೆಯೆಂದು ನನಗೆ ತಿಳಿದಿದ್ದರೆ ಹನ್ನೊಂದು ದಿನದ ನೀರು ಉಳಿಯುತ್ತಿತ್ತು.

ಕೊನೆಯದಾಗಿ, ಪರಿಶೀಲನೆಗೆ ಮಳೆ ಬೀಳುವ ದಿನವೇ ಬನ್ನಿ. ಒಣದಿನದ ಭೇಟಿಯಲ್ಲಿ ಎಲ್ಲ ಗಣಿಯೂ ಚೆನ್ನಾಗಿಯೇ ಕಾಣುತ್ತದೆ. ಬರುವಾಗ ಎರಡು ಗಾಜಿನ ಬಾಟಲಿ ತನ್ನಿ. ಕಾಲುವೆ ಗಣಿಯೊಳಕ್ಕೆ ಬರುವಲ್ಲಿ ಒಂದನ್ನು, ಹೊರಬೀಳುವಲ್ಲಿ ಇನ್ನೊಂದನ್ನು ತುಂಬಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಗಂಟೆ ಕಾಯಿರಿ. ಪರವಾನಗಿ ನವೀಕರಣದ ಕಡತವನ್ನು ಅದಾದ ಮೇಲೆ ಕೈಗೆತ್ತಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಜಲ್ಲಿ ಗಣಿಯ ಮಾಜಿ ನೀರು ಉಸ್ತುವಾರಿ ನೌಕರ